ಸಾವಿನ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಂದ ಹುಡುಕಬೇಕು?

ದೋಷ ಹೇಗೆ ಕಾಣಿಸಿಕೊಳ್ಳುತ್ತದೆ

ಕೋವಿಡ್‌ನಿಂದ ಸತ್ತವರ ಅಧಿಕೃತ ಸಂಖ್ಯೆಯನ್ನು ದೇಶವಾರು ತೆಗೆದು, ಲಕ್ಷ ಜನರಿಗೆ ಎಷ್ಟು ಎಂದು ಭಾಗಿಸಿ ನೋಡಿ. ಪಟ್ಟಿ ಕಣ್ಣಿಗೆ ಬಿದ್ದ ಕೂಡಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಆಸ್ಪತ್ರೆಗೂ ವೈದ್ಯರಿಗೂ ಕೊರತೆಯಿಲ್ಲದ ಬೆಲ್ಜಿಯಂ ಮೇಲಿನ ಸಾಲುಗಳಲ್ಲಿ ಇರುತ್ತದೆ. ತಾಂಜಾನಿಯಾ ಎಲ್ಲೋ ತಳದಲ್ಲಿ. ತುರ್ಕಮೆನಿಸ್ತಾನದಲ್ಲಂತೂ ರೋಗವೇ ಇರಲಿಲ್ಲ ಎನ್ನುತ್ತದೆ ಅಲ್ಲಿನ ಸರ್ಕಾರ. 2020 ಮತ್ತು 2021 ಎರಡೂ ವರ್ಷ ಸೇರಿ ದೇಶಗಳು ತಾವಾಗಿ ವರದಿ ಮಾಡಿದ ಕೋವಿಡ್ ಸಾವು ಸುಮಾರು 54 ಲಕ್ಷ. ಅದೇ ಅವಧಿಯಲ್ಲಿ ಸಾಂಕ್ರಾಮಿಕದಿಂದ ನೇರವಾಗಿಯೋ ಪರೋಕ್ಷವಾಗಿಯೋ ಆದ ಸಾವಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ 5ರಂದು ಕೊಟ್ಟ ಅಂದಾಜು 1 ಕೋಟಿ 49 ಲಕ್ಷ. ಹೆಚ್ಚುಕಡಿಮೆ ಮೂರು ಪಟ್ಟು.

ವಿರಾಜಪೇಟೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವ ನನಗೆ ಇದು ಪ್ರತಿ ಬ್ಯಾಚಿನಲ್ಲೂ ಎದುರಾಗುವ ಪ್ರಶ್ನೆ. ಕೆಲವರು ಎಲ್ಲ ಅಂಕಿಗಳೂ ಸುಳ್ಳು ಎಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಸರ್ಕಾರ ಕೊಟ್ಟದ್ದೇ ಸರಿ, ಉಳಿದದ್ದು ವಿದೇಶದವರ ಕಟ್ಟುಕತೆ ಎನ್ನುತ್ತಾರೆ. ಎರಡೂ ಕಡೆಯವರು ಹುಡುಕುವ ಕೆಲಸವನ್ನು ಬಿಟ್ಟುಕೊಡುತ್ತಾರೆ. ಒಂದು ಸಾವು ಮನೆಯಿಂದ ಹೊರಟು ದೇಶದ ಅಂಕಿಪಟ್ಟಿ ಸೇರುವವರೆಗೆ ಕೆಲವು ಕೈಗಳನ್ನು ದಾಟಬೇಕು. ಯಾವ ಕೈಯಲ್ಲಿ ಅದು ಜಾರಿತು ಎಂದು ಪತ್ತೆಹಚ್ಚಲು ಸಾಧ್ಯವಿದೆ, ಹೆಚ್ಚಿನ ಸಲ ಅದಕ್ಕೆ ಬೇಕಾದ ದಾಖಲೆಯೂ ಸಿಗುತ್ತದೆ. ಆ ಹುಡುಕಾಟಕ್ಕಾಗಿ ಈ ಟಿಪ್ಪಣಿ.

ಕೊಡಗಿನಲ್ಲಿ ತೋಟವಿದ್ದವರ ಮನೆಯಲ್ಲೆಲ್ಲ ಮಳೆ ಮಾಪಕ ಇರುತ್ತದೆ. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನವೂ ಬರೆದಿಡುತ್ತಾರೆ. ಪಕ್ಕದ ತೋಟದಲ್ಲಿ 3 ಇಂಚು ಸುರಿದ ದಿನ ನಮ್ಮಲ್ಲಿ 80 ಸೆಂಟ್ ಎಂದು ಬಂದರೆ ಮೊದಲು ಹೋಗಿ ಮಾಪಕದ ಮೇಲೆ ಸಿಲ್ವರ್ ಓಕಿನ ಕೊಂಬೆ ಚಾಚಿದೆಯೇ ಎಂದು ನೋಡುತ್ತೇವೆ. ನಮ್ಮಲ್ಲಿ ಮಳೆ ಕಡಿಮೆ ಎಂದು ಆಮೇಲೆ ಹೇಳುತ್ತೇವೆ. ಸಾವಿನ ಅಂಕಿಗೂ ಇದೇ ಕ್ರಮ.

ಮೊದಲ ತಪಾಸಣೆ: ಇದು ನಿಜವಾಗಿ ದೋಷವೇ?

"ಸರ್, ಹಾಗಾದ್ರೆ ಸಾವು ಕಡಿಮೆ ತೋರಿಸಿದ ದೇಶದವರೆಲ್ಲ ಮುಚ್ಚಿಟ್ಟಿದ್ದಾರೆ ಅಂತ ಅಲ್ವಾ?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು.

"ಮೊದಲು ಅಲ್ಲಿಯವರ ವಯಸ್ಸು ನೋಡಮ್ಮ" ಎಂದೆ.

ಲಸಿಕೆ ಬರುವ ಮುನ್ನ ಸೋಂಕು ತಗುಲಿದವರಲ್ಲಿ ಸಾವಿನ ಪ್ರಮಾಣ 55ರ ವಯಸ್ಸಿನಲ್ಲಿ ಶೇ. 0.4ರ ಆಸುಪಾಸಿನಲ್ಲಿತ್ತು, 75ರಲ್ಲಿ ಶೇ. 4.6ರ ಆಸುಪಾಸಿನಲ್ಲಿ. ಇಪ್ಪತ್ತು ವರ್ಷದ ಅಂತರಕ್ಕೆ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಹಾಗಾಗಿ ಅರ್ಧಕ್ಕರ್ಧ ಎಳೆಯರೇ ಇರುವ ದೇಶದಲ್ಲಿ ಸಾವು ಕಡಿಮೆ ಬಂದರೆ ಅದರಲ್ಲಿ ಒಂದು ಪಾಲು ಸಹಜ. ವಯಸ್ಸಿನ ಹಂಚಿಕೆಯನ್ನು ಸರಿದೂಗಿಸದೆ ಇಟಲಿಯ ಪಕ್ಕದಲ್ಲಿ ಉಗಾಂಡವನ್ನು ಇಟ್ಟು ನೋಡುವುದರಿಂದ ಪ್ರಯೋಜನವಿಲ್ಲ. ಸರಿದೂಗಿಸಿದ ಮೇಲೂ ಅಂತರ ಉಳಿದರೆ ಮುಂದೆ ಹೋಗಿ.

ಎರಡನೆಯದು: ಅಂಕಿ ಒಂದೇ ದಿನ ಹಾರಿದರೆ ಅಥವಾ ಕುಸಿದರೆ

ಇದನ್ನು ಹಿಡಿಯುವುದು ಸುಲಭ. ಒಂದೇ ದಿನದಲ್ಲಿ ಸಾವು ಇಮ್ಮಡಿಯಾದರೆ ಅಲ್ಲಿ ಬದಲಾದದ್ದು ಲೆಕ್ಕದ ಪದ್ಧತಿ. ಪೆರು ದೇಶ 2021ರ ಮೇ 31ರಂದು ತನ್ನ ಕೋವಿಡ್ ಸಾವಿನ ಸಂಖ್ಯೆಯನ್ನು 69,342ರಿಂದ 1,80,764ಕ್ಕೆ ಏರಿಸಿತು. ಅದುವರೆಗೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರನ್ನೇ ಮುಖ್ಯವಾಗಿ ಎಣಿಸುತ್ತಿದ್ದರು. ತಜ್ಞರ ಸಮಿತಿ ಕೂತು ರೋಗಲಕ್ಷಣ, ಎದೆಯ ಚಿತ್ರ, ಮರಣ ಪತ್ರದಲ್ಲಿ ಬರೆದ ಕಾರಣ ಎಲ್ಲವನ್ನೂ ಸೇರಿಸಿಕೊಂಡಿತು. ಇದರಿಂದ ಪೆರು ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವಿನ ದೇಶವಾಯಿತು. ಪಟ್ಟಿಯಲ್ಲಿ ಹೆಸರು ಕೆಡುತ್ತದೆ ಎಂದು ಗೊತ್ತಿದ್ದೂ ಸರಿಪಡಿಸಿದ ಆ ನಿರ್ಧಾರದ ಬಗ್ಗೆ ನನಗೆ ಗೌರವವಿದೆ.

ವುಹಾನ್ ನಗರ 2020ರ ಏಪ್ರಿಲ್ 17ರಂದು 1,290 ಸಾವು ಸೇರಿಸಿ 3,869 ಎಂದಿತು. ಸೇರಿಸಿದವರಲ್ಲಿ ಆಸ್ಪತ್ರೆ ಸೇರಲಾಗದೆ ಮನೆಯಲ್ಲೇ ತೀರಿಕೊಂಡವರಿದ್ದರು. ಬಿಹಾರ 2021ರ ಜೂನಿನಲ್ಲಿ 3,951 ಸಾವು ಸೇರಿಸಿತು, ಒಟ್ಟು 5,400 ಚಿಲ್ಲರೆಯಿಂದ 9,400 ಚಿಲ್ಲರೆಗೆ ಬಂತು. ಬ್ರಿಟನ್ನಿನಲ್ಲಿ ನಡೆದದ್ದು ಇದರ ತಿರುವುಮುರುವು. ಇಂಗ್ಲೆಂಡಿನಲ್ಲಿ ಪಾಸಿಟಿವ್ ಬಂದವರು ತಿಂಗಳುಗಟ್ಟಲೆ ಕಳೆದ ಮೇಲೆ ಬೇರೆ ಯಾವ ಕಾರಣಕ್ಕೆ ಸತ್ತರೂ ಕೋವಿಡ್ ಲೆಕ್ಕಕ್ಕೆ ಸೇರುತ್ತಿತ್ತು. 2020ರ ಆಗಸ್ಟ್ 12ರಂದು 28 ದಿನಗಳ ಮಿತಿ ಹಾಕಿದಾಗ 5,377 ಸಾವುಗಳು ಪಟ್ಟಿಯಿಂದ ಹೊರಬಿದ್ದವು.

ಪರಿಹಾರ: ಗ್ರಾಫ್ ಎಳೆಯುವ ಮುನ್ನ ಇಂಥ ದಿನಗಳನ್ನು ಗುರುತು ಮಾಡಿಕೊಳ್ಳಿ. ಆ ದಿನಕ್ಕೆ ಸೇರಿದ ಸಾವುಗಳನ್ನು ನಿಜವಾಗಿ ನಡೆದ ದಿನಾಂಕಕ್ಕೆ ಹಂಚಿ. ವರದಿಯಾದ ದಿನಾಂಕ, ನೋಂದಣಿಯ ದಿನಾಂಕ, ಸಾವಿನ ದಿನಾಂಕ ಮೂರೂ ಬೇರೆ ಬೇರೆ.

ಮೂರನೆಯದು: ಅಂಕಿ ಒಂದು ಕಡೆ ನಿಂತುಬಿಟ್ಟರೆ

ತಾಂಜಾನಿಯಾ 2020ರ ಮೇ ತಿಂಗಳಲ್ಲಿ 509 ಪ್ರಕರಣ, 21 ಸಾವು ಎಂಬಲ್ಲಿಗೆ ವರದಿ ನಿಲ್ಲಿಸಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಪಟ್ಟಿಗಳಲ್ಲಿ ಅದೇ 21 ಉಳಿದುಕೊಂಡಿತ್ತು. ಇಂಥ ಸಾಲನ್ನು ಹೋಲಿಕೆಯಿಂದ ತೆಗೆದುಹಾಕಿ. ಸೊನ್ನೆ ಎಂದೋ 21 ಎಂದೋ ಹಾಗೇ ಬಿಟ್ಟರೆ ಸರಾಸರಿ ಪೂರ್ತಿ ಹಾಳಾಗುತ್ತದೆ.

ನಾಲ್ಕನೆಯದು: ಸಾವು ಎಲ್ಲಿ ಜಾರಿತು?

ಇದೇ ಮುಖ್ಯ ಭಾಗ. ನಮ್ಮ ಜಿಲ್ಲೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ಎಲ್ಲ ಬಗೆಯ ಜಾರುವಿಕೆಗೂ ಜಾಗವಿದೆ.

ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದ ಲೈನ್ ಮನೆ (ಕೂಲಿಕಾರರ ಸಾಲುಮನೆ) ಎಂದು ಊಹಿಸಿಕೊಳ್ಳಿ. 2021ರ ಮೇ ತಿಂಗಳು, ಲಾಕ್‌ಡೌನ್. ಐವತ್ತೆಂಟು ವರ್ಷದ ಹೆಂಗಸಿಗೆ ಐದು ದಿನದಿಂದ ಜ್ವರ, ಕೆಮ್ಮು. ಮೇಸ್ತ್ರಿ ಜ್ವರದ ಮಾತ್ರೆ ತಂದುಕೊಟ್ಟಿದ್ದಾನೆ. ಆಶಾ ಕಾರ್ಯಕರ್ತೆ ಬಂದು ಟೆಸ್ಟ್ ಮಾಡಿಸಬೇಕು ಅಂದರೆ ಮನೆಯವರಿಗೆ ಹೆದರಿಕೆ, ಪಾಸಿಟಿವ್ ಬಂದರೆ ಇಡೀ ಲೈನ್ ಸೀಲ್‌ಡೌನ್ ಆಗುತ್ತದೆ, ಎಲ್ಲರ ದಿನಗೂಲಿ ನಿಲ್ಲುತ್ತದೆ. ಆರನೆಯ ರಾತ್ರಿ ಉಸಿರು ಹತ್ತಿ ಆಕೆ ತೀರಿಕೊಂಡರು. ಬೆಳಗ್ಗೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ತೋಟದ ಲೆಕ್ಕ ಬರೆಯುವ ರೈಟರ್, ಕೂಲಿಕಾರರ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಹೆಸರು ಹೊಡೆದುಹಾಕಿದರು. ಆ ಸಾವು ಉಳಿದಿರುವುದು ಅಲ್ಲಿ ಮಾತ್ರ.

ಇಲ್ಲಿ ಒಂದರ ಹಿಂದೆ ಒಂದು ನಾಲ್ಕು ಕಡೆ ಎಣಿಕೆ ತಪ್ಪಿದೆ. ಪರೀಕ್ಷೆ ಆಗಲಿಲ್ಲ, ಆದ್ದರಿಂದ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ನಿಗೆ ಬರಲಿಲ್ಲ. ವೈದ್ಯರು ನೋಡಲಿಲ್ಲ, ಆದ್ದರಿಂದ ಕಾರಣ ಬರೆಯುವ ಪತ್ರವೇ ಇಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969 ಹೇಳುವ 21 ದಿನಗಳೊಳಗೆ ಯಾರೂ ಗ್ರಾಮ ಲೆಕ್ಕಾಧಿಕಾರಿಗೆ ತಿಳಿಸಲಿಲ್ಲ, ಆದ್ದರಿಂದ ಸಾವಿನ ಒಟ್ಟು ಲೆಕ್ಕಕ್ಕೂ ಬರಲಿಲ್ಲ. ಮರಣ ಪ್ರಮಾಣಪತ್ರ ಇಲ್ಲದ ಕಾರಣ ಮನೆಯವರು ಪರಿಹಾರಕ್ಕೆ ಅರ್ಜಿ ಹಾಕುವಂತಿರಲಿಲ್ಲ.

ಇನ್ನು ಆಸ್ಪತ್ರೆಗೆ ಹೋದ ಸಾವು. ಕಾಯಿಲೆ ಬಿಗಡಾಯಿಸಿದರೆ ನಮ್ಮವರು ಮಡಿಕೇರಿ ದಾಟಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ನಮ್ಮಲ್ಲಿ ಸಾವಿನ ನೋಂದಣಿ ಆಗುವುದು ಸಾವು ನಡೆದ ಜಾಗದಲ್ಲಿ. ಸೋಮವಾರಪೇಟೆಯವರು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಮೈಸೂರಿನದು. ಕೊಡಗಿನ ಲೆಕ್ಕ ಇಳಿಯುತ್ತದೆ, ಮೈಸೂರಿನದು ಏರುತ್ತದೆ. ರಾಜ್ಯದ ಮಟ್ಟದಲ್ಲಿ ಇದು ಸರಿಹೋಗುತ್ತದೆ, ಜಿಲ್ಲೆ ಜಿಲ್ಲೆ ಹೋಲಿಸುವಾಗ ಮಾತ್ರ ದಾರಿ ತಪ್ಪಿಸುತ್ತದೆ. ಕೊಲ್ಲಿಯಲ್ಲಿ ಕೆಲಸಕ್ಕಿದ್ದು ಅಲ್ಲೇ ಸತ್ತವರದ್ದು ದೇಶದ ಗಡಿ ದಾಟಿದ ಇದೇ ಸಮಸ್ಯೆ.

ಆಸ್ಪತ್ರೆಯ ಒಳಗೂ ಒಂದು ಜಾರುಗುಂಡಿ ಇದೆ, ನಮೂನೆ 4. ಆಸ್ಪತ್ರೆಯಲ್ಲಿ ಸತ್ತವರಿಗೆ ವೈದ್ಯರು ತುಂಬುವ ಕಾರಣ ಪತ್ರ ಅದು (ಮನೆಯಲ್ಲಿ ಸತ್ತವರಿಗೆ 4ಎ). ಮೊದಲ ಭಾಗದಲ್ಲಿ ಎ, ಬಿ, ಸಿ ಎಂಬ ಸಾಲುಗಳು. ಮೇಲೆ ತಕ್ಷಣದ ಕಾರಣ, ಅದಕ್ಕೆ ಕಾರಣವಾದದ್ದು ಅದರ ಕೆಳಗೆ, ಎಲ್ಲಕ್ಕೂ ಮೂಲವಾದದ್ದು ಕೊನೆಯ ಸಾಲಿನಲ್ಲಿ. ಎರಡನೆಯ ಭಾಗದಲ್ಲಿ ಜೊತೆಗಿದ್ದ ಕಾಯಿಲೆಗಳು. ಸರಿಯಾಗಿ ತುಂಬಿದ ಪತ್ರ ಹೀಗಿರುತ್ತದೆ: ಎ, ತೀವ್ರ ಉಸಿರಾಟದ ತೊಂದರೆ, ಬಿ, ನ್ಯುಮೋನಿಯಾ, ಸಿ, ಕೋವಿಡ್-19. ಎರಡನೆಯ ಭಾಗದಲ್ಲಿ ಸಕ್ಕರೆ ಕಾಯಿಲೆ. ಅಂಕಿಅಂಶದವರು ಎತ್ತಿಕೊಳ್ಳುವುದು ಮೂಲ ಕಾರಣವನ್ನು. ಆದರೆ ರಾತ್ರಿಯಿಡೀ ಡ್ಯೂಟಿ ಮಾಡಿದ ಕಿರಿಯ ವೈದ್ಯರು ಎ ಸಾಲಿನಲ್ಲಿ "ಹೃದಯ ಸ್ತಂಭನ" ಎಂದು ಬರೆದು ಉಳಿದದ್ದನ್ನು ಖಾಲಿ ಬಿಟ್ಟರೆ ಕೋವಿಡ್ ಅಲ್ಲಿಗೇ ಮಾಯ. ಹೃದಯ ನಿಲ್ಲುವುದು ಸಾವಿನ ರೀತಿ, ಅದನ್ನು ಕಾರಣ ಎಂದು ಬರೆಯಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ವೈರಸ್ ದೃಢಪಟ್ಟಿದ್ದರೆ ಒಂದು ಸಂಕೇತ, ದೃಢಪಡದೆ ಲಕ್ಷಣಗಳಷ್ಟೇ ಇದ್ದರೆ ಇನ್ನೊಂದು ಸಂಕೇತ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಎರಡು ಖಾನೆ ಮಾಡಿಕೊಟ್ಟಿತ್ತು. ಬೆಲ್ಜಿಯಂ ಎರಡನ್ನೂ ಎಣಿಸಿತು, ವೃದ್ಧಾಶ್ರಮಗಳಲ್ಲಿ ಪರೀಕ್ಷೆಯಿಲ್ಲದೆ ಸತ್ತವರನ್ನೂ ಬಿಡಲಿಲ್ಲ. ಮೇಲಿನ ಪಟ್ಟಿಯಲ್ಲಿ ಅದು ಅಷ್ಟು ಎತ್ತರಕ್ಕೆ ಏರಲು ಈ ಪ್ರಾಮಾಣಿಕತೆಯೂ ಒಂದು ಕಾರಣ.

ಭಾರತದಲ್ಲಿ ವೈದ್ಯರು ಕಾರಣ ಬರೆದುಕೊಟ್ಟ ಸಾವುಗಳು ನೋಂದಣಿಯಾದವುಗಳಲ್ಲಿ ಎಷ್ಟು ಗೊತ್ತೇ? 2021ರಲ್ಲಿ ಶೇ. 23.4. ನಾಲ್ಕರಲ್ಲಿ ಮೂರು ಸಾವಿಗೆ ಕಾರಣವೇ ದಾಖಲಾಗಿಲ್ಲ. ಹಾಗಿದ್ದೂ ಆ ಕಾಲು ಭಾಗದಲ್ಲೇ 2021ರಲ್ಲಿ ಕೋವಿಡ್ ಎಂದು ಬರೆದದ್ದು ಸುಮಾರು 4.13 ಲಕ್ಷ. ಅದೇ ವರ್ಷ ದಿನದ ಬುಲೆಟಿನ್ನುಗಳನ್ನು ಕೂಡಿಸಿದರೆ ಬರುವುದು 3.3 ಲಕ್ಷದಷ್ಟು. ಸರ್ಕಾರದ್ದೇ ಎರಡು ದಾಖಲೆಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಐದನೆಯದು: ಕಾರಣವನ್ನು ಬದಿಗಿಟ್ಟು ಎಲ್ಲ ಸಾವುಗಳನ್ನೂ ಎಣಿಸಿ

ಕಾರಣ ಬರೆಯುವಲ್ಲಿ ಇಷ್ಟು ತೊಡಕಿದ್ದರೆ ಕಾರಣವನ್ನೇ ಕೇಳದಿರುವುದು ಒಳ್ಳೆಯದು. ಈ ವರ್ಷ ಒಟ್ಟು ಎಷ್ಟು ಜನ ಸತ್ತರು, ಸಾಂಕ್ರಾಮಿಕ ಇಲ್ಲದಿದ್ದರೆ ಎಷ್ಟು ಸಾವು ನಿರೀಕ್ಷಿಸಬಹುದಿತ್ತು, ಇವೆರಡರ ವ್ಯತ್ಯಾಸ ಎಷ್ಟು? ಇದನ್ನು ಹೆಚ್ಚುವರಿ ಸಾವು ಎನ್ನುತ್ತಾರೆ. ಅರಿಯಲ್ ಕಾರ್ಲಿನ್ಸ್ಕಿ ಮತ್ತು ದ್ಮಿತ್ರಿ ಕೊಬಾಕ್ ಎಂಬ ಇಬ್ಬರು ಸಂಶೋಧಕರು ಹತ್ತಾರು ದೇಶಗಳ ವಾರದ, ತಿಂಗಳ ಒಟ್ಟು ಸಾವಿನ ಅಂಕಿಗಳನ್ನು ಒಂದೆಡೆ ಕಲೆಹಾಕಿ ಎಲ್ಲರಿಗೂ ತೆರೆದಿಟ್ಟರು. ದೇಶ ದೇಶಗಳನ್ನು ಹೋಲಿಸಲು ಗಟ್ಟಿ ನೆಲ ಸಿಕ್ಕಿದ್ದು ಅಲ್ಲಿಂದ.

ವಿಧಾನ ತಿಳಿಯಲು ಒಂದು ಪಂಚಾಯಿತಿಯ ಲೆಕ್ಕ ಮಾಡೋಣ. ಅಂಕಿಗಳು ಕಲ್ಪಿತ. 2015ರಿಂದ 2019ರವರೆಗೆ ಸಾವು ಕ್ರಮವಾಗಿ 58, 61, 55, 63, 63. ಸರಾಸರಿ 60. 2020ರಲ್ಲಿ 64, 2021ರಲ್ಲಿ 91. ಇಷ್ಟು ಸಣ್ಣ ಜಾಗದಲ್ಲಿ ಸಾವು ಸಹಜವಾಗಿಯೇ ಏರಿಳಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಸರಾಸರಿಯ ವರ್ಗಮೂಲದಷ್ಟು, ಅಂದರೆ 8ರ ಆಸುಪಾಸು. 2020ರ ಹೆಚ್ಚುವರಿ 4 ಅದರೊಳಗೇ ಇದೆ, ಅದರ ಮೇಲೆ ಯಾವ ಮಾತೂ ಕಟ್ಟಬೇಡಿ. 2021ರ 31 ಅದರ ನಾಲ್ಕು ಪಟ್ಟು. ಅದು ಆಕಸ್ಮಿಕವಲ್ಲ. ಈಗ ತಿಂಗಳವಾರು ಬಿಡಿಸಿ. ಹೆಚ್ಚಳ ಮೇ, ಜೂನ್‌ನಲ್ಲಿ ಗುಡ್ಡೆಬಿದ್ದಿದ್ದರೆ ಅಲೆಯ ಗುರುತು. ಹನ್ನೆರಡು ತಿಂಗಳಿಗೂ ಸಮವಾಗಿ ಹರಡಿದ್ದರೆ ನೋಂದಣಿ ಸುಧಾರಿಸಿದ ಗುರುತು ಇರಬಹುದು.

ನಿರೀಕ್ಷಿತ ಸಾವನ್ನು ತಪ್ಪಾಗಿ ಹಿಡಿದರೆ ಈ ಇಡೀ ವಿಧಾನ ಕೈಕೊಡುತ್ತದೆ. ಕೊಡಗಿನ ಹಳೆಯ ಜನಗಣತಿಯಲ್ಲೇ ಇದಕ್ಕೆ ಪಾಠವಿದೆ. 1911ರಲ್ಲಿ ಕೊಡಗಿನ ಜನಸಂಖ್ಯೆ 1,74,976. 1921ರಲ್ಲಿ 1,63,838. ನಡುವೆ 1918ರ ಇನ್‌ಫ್ಲುಯೆಂಜಾ ಬಂದುಹೋಗಿತ್ತು, ದೇಶದಲ್ಲಿ 1.2 ಕೋಟಿಯಿಂದ 1.8 ಕೋಟಿ ಜನರನ್ನು ಅದು ಬಲಿ ತೆಗೆದುಕೊಂಡಿತು ಎಂಬುದು ನಂತರದ ಅಂದಾಜು. ಕಡಿಮೆಯಾದ ಹನ್ನೊಂದು ಸಾವಿರವನ್ನು ಪೂರ್ತಿ ಆ ಜ್ವರದ ಲೆಕ್ಕಕ್ಕೆ ಬರೆಯಲು ಮನಸ್ಸಾಗುತ್ತದೆ. ಆದರೆ 1901ರಲ್ಲಿ ಇಲ್ಲಿ 1,80,607 ಜನರಿದ್ದರು. ಜ್ವರ ಬರುವ ಮುನ್ನವೇ, ಹತ್ತು ವರ್ಷದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಳಿದಿತ್ತು. ತೋಟದ ಕೂಲಿಗೆ ಬಂದು ಹೋಗುವವರ ಸಂಖ್ಯೆಯೂ ಜನಗಣತಿಯಲ್ಲಿ ಬೆರೆತಿರುತ್ತದೆ. ಮೊದಲೇ ಇದ್ದ ಇಳಿಜಾರನ್ನು ಕಳೆಯದೆ ಸಾಂಕ್ರಾಮಿಕದ ಪಾಲು ಹೇಳಲಾಗದು.

ವಿಶ್ವ ಆರೋಗ್ಯ ಸಂಸ್ಥೆಗೂ ಇದೇ ತೊಡಕು ಬಂತು. ಅದರ ಮೊದಲ ಲೆಕ್ಕದಲ್ಲಿ ಜರ್ಮನಿಯ ಹೆಚ್ಚುವರಿ ಸಾವು 1,95,000. 2019ರಲ್ಲಿ ಅಲ್ಲಿ ಸಾವು ಸ್ವಲ್ಪ ಇಳಿದಿತ್ತು, ಆ ಇಳಿಕೆ ಮುಂದುವರಿಯುತ್ತದೆ ಎಂದು ಗಣಿತ ಮಾದರಿ ಭಾವಿಸಿದ್ದರಿಂದ ನಿರೀಕ್ಷಿತ ಸಾವು ಕೆಳಕ್ಕೆ ಬಿದ್ದು, ಹೆಚ್ಚುವರಿ ಉಬ್ಬಿತು. ತಿದ್ದಿದ ಮೇಲೆ 1,22,000ಕ್ಕೆ ಇಳಿಯಿತು. ಸ್ವೀಡನ್ನಿನದು 11,300ರಿಂದ 13,400ಕ್ಕೆ ಏರಿತು.

ಹೆಚ್ಚುವರಿ ಸಾವು ಸೊನ್ನೆಗಿಂತ ಕೆಳಗೆ ಬಂದರೆ ಗಾಬರಿ ಬೇಡ. 2020ರಲ್ಲಿ ನ್ಯೂಜಿಲೆಂಡಿನಲ್ಲಿ ನಿರೀಕ್ಷೆಗಿಂತ ಕಡಿಮೆ ಜನ ಸತ್ತರು. ಗಡಿ ಮುಚ್ಚಿದ್ದರಿಂದ ಕೋವಿಡ್ ಜೊತೆಗೆ ಮಾಮೂಲಿ ಫ್ಲೂ ಕೂಡ ಒಳಗೆ ಬರಲಿಲ್ಲ.

ಭಾರತದ ಅಂಕಿಗೆ ಇದೇ ತಪಾಸಣೆ

ನಮ್ಮ ಅಧಿಕೃತ ಕೋವಿಡ್ ಸಾವು 2021ರ ಕೊನೆಗೆ ಸುಮಾರು 4.8 ಲಕ್ಷ. ಹೆಚ್ಚುವರಿ ಸಾವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರೋಗ್ಯ ಅಳತೆ ಸಂಸ್ಥೆಯದ್ದು ಸುಮಾರು 40.7 ಲಕ್ಷ. ಸಂಶೋಧಕ ಪ್ರಭಾತ್ ಝಾ ಮತ್ತು ಸಂಗಡಿಗರು ಕೋವಿಡ್ ಸಾವಿಗೆ 2020ರ ಜೂನ್‌ನಿಂದ 2021ರ ಜುಲೈವರೆಗಿನ ಅವಧಿಗೆ ಕೊಟ್ಟದ್ದು 32 ಲಕ್ಷದಷ್ಟು. ಅವಧಿ, ವಿಧಾನ ಬೇರೆಯಾದ್ದರಿಂದ ಇವು ಪರಸ್ಪರ ಹೊಂದದಿರುವುದು ಸಹಜ. ಕೇಂದ್ರ ಸರ್ಕಾರ ಮಾದರಿ ಆಧಾರಿತ ಲೆಕ್ಕಕ್ಕೆ ಆಕ್ಷೇಪ ಎತ್ತಿ, ನಮ್ಮದೇ ನಾಗರಿಕ ನೋಂದಣಿಯ ಅಂಕಿ ಇದೆಯಲ್ಲ ಎಂದಿತು. ಸರಿ, ಅದನ್ನೇ ನೋಡೋಣ.

ದೇಶದಲ್ಲಿ ನೋಂದಣಿಯಾದ ಸಾವು 2018ರಲ್ಲಿ 69.5 ಲಕ್ಷ, 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷ ಹೆಚ್ಚಳ. ನೋಂದಣಿ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ, ಹೆಚ್ಚಳ ಅದರದ್ದು ಎಂಬ ವಾದಕ್ಕೆ ಬೆಲೆಯಿದೆ. 2018ರಿಂದ 2019ಕ್ಕೆ ಸಾಂಕ್ರಾಮಿಕ ಇಲ್ಲದೆಯೇ 7 ಲಕ್ಷದಷ್ಟು ಏರಿತ್ತು. ಈ ವಾದವನ್ನು ಪರೀಕ್ಷಿಸಲು ಮುಂದಿನ ವರ್ಷದ ಅಂಕಿ ಸಾಕು. ಸುಧಾರಣೆಯೇ ಕಾರಣವಾಗಿದ್ದರೆ 2022ರಲ್ಲೂ ಅಂಕಿ ಕೋಟಿಯ ಮೇಲೆ ಉಳಿಯಬೇಕಿತ್ತು, ಕಲಿತ ನೋಂದಣಿ ಮರೆತುಹೋಗುವುದಿಲ್ಲ. 2022ರಲ್ಲಿ ಅದು 86.5 ಲಕ್ಷಕ್ಕೆ ಇಳಿಯಿತು. 2021ರ ಆ ಗೋಪುರದಲ್ಲಿ ಬಹುಪಾಲು ನಿಜವಾದ ಸಾವು. ಅದು ದಿನದ ಬುಲೆಟಿನ್ನುಗಳ 3.3 ಲಕ್ಷಕ್ಕಿಂತ ಹಲವು ಪಟ್ಟು. ಅಮ್ಮತ್ತಿಯ ಆ ಲೈನ್ ಮನೆಯಂತಹ ಸಾವುಗಳು ಈ ಗೋಪುರದಲ್ಲೂ ಇಲ್ಲ.

ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2021ರಲ್ಲಿ ಪ್ರತಿ ಕೋವಿಡ್ ಸಾವಿಗೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಪರೀಕ್ಷೆಯ 30 ದಿನಗಳೊಳಗೆ ಸತ್ತರೆ, ಮನೆಯಲ್ಲಿ ಸತ್ತಿದ್ದರೂ, ಕೋವಿಡ್ ಸಾವೆಂದು ಒಪ್ಪಬೇಕು ಎಂದಾಯಿತು. ಗುಜರಾತಿನಲ್ಲಿ ಅಧಿಕೃತ ಸಾವು 10,000 ಚಿಲ್ಲರೆ ಇದ್ದಾಗ ಮಂಜೂರಾದ ಅರ್ಜಿಗಳು 68,000 ದಾಟಿದ್ದವು. ಹೀಗೆ ಕಾರಣ ಮರುಪರಿಶೀಲಿಸಿದ ಸಾವುಗಳನ್ನು ಹಳೆಯ ದಿನಾಂಕಗಳಿಗೆ ಸೇರಿಸಿ ಬುಲೆಟಿನ್ ತಿದ್ದಬೇಕಿತ್ತು, ಪೆರು ಮಾಡಿದ ಹಾಗೆ. ಹಣ ಕೊಟ್ಟ ಸಾವನ್ನೂ ಪಟ್ಟಿಗೆ ಸೇರಿಸದಿರುವುದು ನನಗೆ ಇಂದಿಗೂ ನೋವಿನ ಸಂಗತಿ.

ನಿಮ್ಮ ಮನೆಯ ಸಾವೇ ದಾಖಲೆಯಲ್ಲಿ ಇಲ್ಲದಿದ್ದರೆ

ತಡವಾದರೂ ನೋಂದಣಿಗೆ ಅವಕಾಶವಿದೆ. ಒಂದು ವರ್ಷ ದಾಟಿದ ಸಾವಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಕೊಡಬಹುದು, ಮೊದಲಿನಂತೆ ಕೋರ್ಟಿಗೆ ಅಲೆಯಬೇಕಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ಯಾರಿಗೆ ಅರ್ಜಿ ಕೊಡಬೇಕೆಂದು ಕೇಳಿ. ಕೊಂಡೊಯ್ಯಬೇಕಾದವು: ಸತ್ತವರ ಆಧಾರ್, ಪಡಿತರ ಚೀಟಿ, ಸಾವನ್ನು ಕಂಡವರ ಹೇಳಿಕೆ. ತೋಟದಲ್ಲಿ ಕೆಲಸದಲ್ಲಿದ್ದವರಾದರೆ ರೈಟರ್ ಬಳಿ ಚೆಕ್‌ರೋಲಿನ ಆ ತಿಂಗಳ ಪುಟದ ನಕಲು ಕೇಳಿ ಪಡೆಯಿರಿ, ಹೆಸರು ಹೊಡೆದ ದಿನಾಂಕ ಅದರಲ್ಲಿ ಇರುತ್ತದೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲೂ ಒಂದು ನಮೂದು ಇರಬಹುದು, ಅದನ್ನೂ ಕೇಳಿ. ಸಾವಿನ ದಿನಾಂಕದ ಜಾಗದಲ್ಲಿ ಅರ್ಜಿ ಕೊಟ್ಟ ದಿನಾಂಕ ಕುಳಿತುಬಿಡದಂತೆ ಪ್ರಮಾಣಪತ್ರವನ್ನು ಕೌಂಟರಿನಲ್ಲೇ ನಿಂತು ಓದಿಕೊಳ್ಳಿ. 2021ರ ಮೇ ತಿಂಗಳ ಸಾವು ಮೇ ತಿಂಗಳಿಗೇ ಸೇರಬೇಕು.